ಐಟಿಆರ್ ಸಲ್ಲಿಕೆ ತಡವಾದರೆ ದಂಡವೆಷ್ಟು? ಕೈತಪ್ಪುವ ಸೌಲಭ್ಯಗಳೇನು?

ಸಂಬಳದಾರರು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಲು ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಟಿಡಿಎಸ್ ಕಡಿತವಾಗಿದೆ, ಬಾಕಿ ಏನೂ ಇಲ್ಲ ಎಂದು ಸುಮ್ಮನಿರುವಂತಿಲ್ಲ. ರಿಟರ್ನ್ಸ್ ಕಡ್ಡಾಯವಿರುವವರಿಗೆ ತೆರಿಗೆ ಬಾಕಿ ಇಲ್ಲದಿದ್ದರೂ ವಿಳಂಬ ಶುಲ್ಕ ತಪ್ಪದು.

ವಿಳಂಬ ಶುಲ್ಕ: 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 234ಎಫ್ ಪ್ರಕಾರ, ಒಟ್ಟು ಆದಾಯ 5 ಲಕ್ಷ ರೂ. ಮೀರಿದ್ದರೆ 5,000 ರೂ., ಅದರೊಳಗಿದ್ದರೆ 1,000 ರೂ.

ಬಡ್ಡಿ: ತೆರಿಗೆ ಬಾಕಿಯಿದ್ದರೆ ಸೆಕ್ಷನ್ 234ಎ ಅಡಿ ತಿಂಗಳಿಗೆ ಶೇ.1 ಬಡ್ಡಿ. ಹೊಸ ತಿಂಗಳಲ್ಲಿ ಒಂದೇ ದಿನ ಕಳೆದರೂ ಪೂರ್ತಿ ತಿಂಗಳ ಲೆಕ್ಕ. ಉದಾಹರಣೆಗೆ, 5 ಲಕ್ಷ ರೂ. ಮೀರಿದ ಆದಾಯವಿರುವವರು 9,000 ರೂ. ಬಾಕಿ ಕಟ್ಟಿ ಅಕ್ಟೋಬರ್ 5ರಂದು ರಿಟರ್ನ್ಸ್ ಸಲ್ಲಿಸಿದರೆ 3 ತಿಂಗಳ ಬಡ್ಡಿ 270 ರೂ. ಶುಲ್ಕ ಸೇರಿ ಹೆಚ್ಚುವರಿ ಹೊರೆ 5,270 ರೂ. ಟಿಡಿಎಸ್ ಕಳೆದ ಮೇಲೂ 10,000 ರೂ. ಅಥವಾ ಹೆಚ್ಚು ತೆರಿಗೆ ಇದ್ದು, ಮುಂಗಡ ತೆರಿಗೆ ಕಟ್ಟದಿದ್ದರೆ 234ಬಿ, 234ಸಿ ಬಡ್ಡಿಯೂ ಸೇರುತ್ತದೆ.

ಕೈತಪ್ಪುವ ಸೌಲಭ್ಯ: ಗಡುವು ಮೀರಿದರೆ ಸಂಬಳದಾರರು ಹಳೆಯ ತೆರಿಗೆ ಪದ್ಧತಿ ಆಯ್ದುಕೊಳ್ಳುವಂತಿಲ್ಲ. 80ಸಿ ಕಡಿತ, ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಎರಡೂ ಇಲ್ಲ. ಮುಂಬೈ, ಪುಣೆಯಂಥ ನಗರಗಳಲ್ಲಿ ದುಬಾರಿ ಬಾಡಿಗೆ ಕಟ್ಟುವವರಿಗೆ ಈ ನಷ್ಟ ದಂಡಕ್ಕಿಂತ ದೊಡ್ಡದಾಗಬಹುದು. ಷೇರು ಮಾರಾಟದಲ್ಲಾದ ಆ ವರ್ಷದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಲೂ ಆಗದು.

ಕೊನೆಯ ಅವಕಾಶ: ವಿಳಂಬ ರಿಟರ್ನ್ಸ್‌ಗೆ ಡಿಸೆಂಬರ್ 31 ಗಡುವು. ಆಮೇಲೆ ಅಪ್‌ಡೇಟೆಡ್ ರಿಟರ್ನ್ಸ್ ಸಲ್ಲಿಸಬಹುದಾದರೂ ತೆರಿಗೆ, ಬಡ್ಡಿಯ ಮೇಲೆ ಶೇ.25ರಿಂದ 70ರವರೆಗೆ ಹೆಚ್ಚುವರಿ ತೆರಿಗೆ ಕಟ್ಟಬೇಕು. ಅದರಲ್ಲಿ ರಿಫಂಡ್ ಕೇಳಲು ಅವಕಾಶವಿಲ್ಲ. ಹಾಗಾಗಿ ರಿಫಂಡ್ ಬರಬೇಕಾದವರು ಡಿಸೆಂಬರ್ 31 ದಾಟಿಸದಿರುವುದು ಒಳಿತು.