ನೋಡುವ ಕಣ್ಣಿಗೆ ಪಟ್ಟಿ

ಕಳೆದ ವರ್ಷ ನಮ್ಮ ಮನೆಯಲ್ಲಿ ಒಂದು ಚಿಕ್ಕ ರಾದ್ಧಾಂತವೇ ಆಯಿತು. ನಾಲ್ಕೂವರೆ ವರ್ಷದ ಮೊಮ್ಮಗಳ ಎಡಗಣ್ಣಿಗೆ ದಿನಕ್ಕೆ ಎರಡು ಗಂಟೆಯ ಕಾಲ ಪಟ್ಟಿ ಅಂಟಿಸಬೇಕೆಂದು ಕಣ್ಣಿನ ವೈದ್ಯರು ಹೇಳಿ ಕಳುಹಿಸಿದ್ದರು. ಎಡಗಣ್ಣಿಗೆ ಏನೂ ಆಗಿರಲಿಲ್ಲ. ಚೆನ್ನಾಗಿ ಕಾಣುತ್ತಿದ್ದುದೇ ಅದು. ಕೊರತೆಯಿದ್ದುದು ಬಲಗಣ್ಣಿನಲ್ಲಿ. "ಕಾಣದ ಕಣ್ಣನ್ನು ಬಿಟ್ಟು ಕಾಣುವ ಕಣ್ಣಿಗೆ ಪಟ್ಟಿಯೆ? ಮಗುವನ್ನು ಗಾಂಧಾರಿ ಮಾಡಬೇಕೆಂದಿದ್ದೀರಾ?" ಎಂದು ನನ್ನ ಮನೆಯಾಕೆ ಕೇಳಿದಳು. ಮಗು ಅಷ್ಟೆಲ್ಲ ಮಾತಾಡಲಿಲ್ಲ. ಪಟ್ಟಿಯನ್ನು ಕಿತ್ತು ಗೊಂಬೆಯ ಮುಖಕ್ಕೆ ಅಂಟಿಸಿ ಆಟಕ್ಕೆ ಹೋಯಿತು.

ನಾನು ವೈದ್ಯನಲ್ಲ. ಮನೆಯವರಿಗೆ ಸಮಾಧಾನ ಹೇಳುವ ಸಲುವಾಗಿ ಹಳೆಯ ಹೊಸ ಪುಸ್ತಕಗಳನ್ನು ತಿರುವಿಹಾಕಿದಾಗ, ಈ ವಿಚಿತ್ರ ಚಿಕಿತ್ಸೆಗೆ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆಯೆಂದು ತಿಳಿಯಿತು. ಅದನ್ನು ಓದುಗರ ಮುಂದಿಡುವುದಕ್ಕೆ ನನಗೆ ಸ್ವಂತದ್ದೊಂದು ಕಾರಣವೂ ಉಂಟು. ಸಂದರ್ಭ ಬಂದಾಗ ಹೇಳುತ್ತೇನೆ.

ಮೊದಲು ಕಾಯಿಲೆಯ ಮಾತು. ವೈದ್ಯರು ಇದನ್ನು ಆಂಬ್ಲಿಯೋಪಿಯಾ ಎನ್ನುತ್ತಾರೆ. ಮೊಂಡಾದ ನೋಟ ಎಂದು ಆ ಗ್ರೀಕ್ ಮೂಲದ ಪದದ ಅರ್ಥ. ಬಳಕೆಯ ಮಾತಿನಲ್ಲಿ ಸೋಮಾರಿ ಕಣ್ಣು. ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಇದು ಇರುತ್ತದೆ. ಹೊರಗಿನಿಂದ ನೋಡಿದರೆ ಕಣ್ಣಿನಲ್ಲಿ ಯಾವ ರೋಗವೂ ಕಾಣದು. ಒಂದು ಕಣ್ಣು ಓರೆಯಾಗಿದ್ದರೆ, ಅಥವಾ ಒಂದರ ಪವರಿಗೂ ಇನ್ನೊಂದರ ಪವರಿಗೂ ಬಹಳ ಅಂತರವಿದ್ದರೆ, ಅಥವಾ ಹುಟ್ಟಿನಿಂದಲೇ ಪೊರೆ ಕವಿದಿದ್ದರೆ, ಎರಡು ಕಣ್ಣುಗಳಿಂದ ಮಿದುಳಿಗೆ ಹೋಗುವ ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಆಗ ಎಳೆಯ ಮಿದುಳು ಮಸುಕಾದ ಚಿತ್ರವನ್ನು ತಳ್ಳಿಹಾಕಿ ಒಳ್ಳೆಯ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಕಾಗೆಗೆ ಇರುವುದು ಒಂದೇ ಗುಡ್ಡೆ, ಬೇಕಾದ ಕಡೆಗೆ ಅದನ್ನು ಹೊರಳಿಸಿಕೊಳ್ಳುತ್ತದೆ ಎಂದು ನಮ್ಮ ಹಿರಿಯರು ಕಾಕಾಕ್ಷಿನ್ಯಾಯ ಹೇಳುತ್ತಿದ್ದರಲ್ಲ, ಈ ಮಕ್ಕಳದು ಅದರ ತಿರುಗುಮುರುಗು: ಗುಡ್ಡೆ ಎರಡು, ನೋಟ ಒಂದು.

ಮಾಲುಗಣ್ಣು ಎಲ್ಲರಿಗೂ ಕಾಣುವಂಥದು; ಆದ್ದರಿಂದ ಹಿಂದಿನವರ ಗಮನ ಹೋದದ್ದು ಅದರ ಕಡೆಗೇ. ನಮ್ಮಲ್ಲಿ ಅದನ್ನು ಅದೃಷ್ಟದ ಕಣ್ಣೆಂದು ಹೇಳಿ ಸುಮ್ಮನಾದವರುಂಟು. ಏಳನೆಯ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪೌಲನು ಸುಮ್ಮನಿರಲಿಲ್ಲ. ಮಾಲುಗಣ್ಣಿನ ಕೂಸಿಗೆ ನೇರವಾಗಿ ಮಾತ್ರ ನೋಡುವಂತೆ ಮುಖವಾಡ ಹಾಕಬೇಕೆಂದೂ, ಕಣ್ಣು ಮೂಗಿನ ಕಡೆಗೆ ಎಳೆದಿದ್ದರೆ ಹೊರಗಡೆಗೆ ನೋಟ ಸೆಳೆಯಲು ಬಣ್ಣದ ಉಣ್ಣೆಯನ್ನು ಇಡಬೇಕೆಂದೂ ಆತ ಬರೆದ. ಅದೇ ಉಪಾಯವನ್ನು 1583ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ಗೇಯೋರ್ಗ್ ಬಾರ್ಟಿಶ್ ತನ್ನ ಕಣ್ಣುವೈದ್ಯದ ಪುಸ್ತಕದಲ್ಲಿ ಚಿತ್ರಸಮೇತ ಕೊಟ್ಟಿದ್ದಾನೆ. ತಲೆಯಿಂದ ಗದ್ದದವರೆಗೆ ಮುಚ್ಚುವ ಆ ಮುಸುಕು, ಅದರಲ್ಲಿ ಕೊರೆದ ತೂತುಗಳು! ಅದನ್ನು ತೊಟ್ಟ ಮಕ್ಕಳ ಪಾಡು ಏನಾಗಿದ್ದೀತೋ.

ಈ ಇಬ್ಬರ ನಡುವಣ ಕಾಲದಲ್ಲಿ, ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ, ಸಾಬಿತ್ ಇಬ್ನ್ ಕುರ್ರ ಎಂಬ ವಿದ್ವಾಂಸನಿದ್ದ. ಗಣಿತಜ್ಞ, ಗ್ರೀಕ್ ಗ್ರಂಥಗಳ ಅನುವಾದಕ, ವೈದ್ಯ. 901ರಲ್ಲಿ ತೀರಿಕೊಂಡ. ಒಳ್ಳೆಯ ಕಣ್ಣನ್ನು ಮುಚ್ಚಿದರೆ ಓರೆಗಣ್ಣು ತಾನಾಗಿ ಕೆಲಸಕ್ಕೆ ಬರುತ್ತದೆ ಎಂಬ ಉಪದೇಶವನ್ನು ಚರಿತ್ರಕಾರರು ಆತನ ಹೆಸರಿಗೆ ಬರೆಯುತ್ತಾರೆ. ನನ್ನ ಮನೆಯಾಕೆಗೆ ವಿಚಿತ್ರವೆನಿಸಿದ ಮಾತು ಹುಟ್ಟಿದ್ದು ಅಲ್ಲಿ. ಆದರೆ ಅದು ಎಷ್ಟೋ ಶತಮಾನ ಗ್ರಂಥದಲ್ಲಿಯೇ ಉಳಿಯಿತು.

ಯೂರೋಪಿನಲ್ಲಿ ಅದನ್ನು ಕಾರಣಸಹಿತವಾಗಿ ಹೇಳಿದವನು ಪ್ರಾಣಿಶಾಸ್ತ್ರಜ್ಞನೆಂದು ಹೆಸರಾದ ಫ್ರಾನ್ಸಿನ ಬುಫಾನ್. 1743ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಆತ ಮಾಲುಗಣ್ಣಿನ ಕಾರಣವನ್ನು ಕುರಿತು ಒಂದು ಪ್ರಬಂಧ ಒಪ್ಪಿಸಿದ. ಎರಡು ಕಣ್ಣುಗಳ ಬಲ ಸಮವಿಲ್ಲದಿರುವುದೇ ಕಾರಣ. ದುರ್ಬಲವಾದ ಕಣ್ಣು ಕೊಡುವ ಮಸುಕು ಚಿತ್ರ ತೊಡಕಾಗುವುದರಿಂದ ಮಗು ಅದನ್ನು ಪಕ್ಕಕ್ಕೆ ಸರಿಸುತ್ತದೆ. ಬಲವಾದ ಕಣ್ಣನ್ನು ಕೆಲಕಾಲ ಮುಚ್ಚಿಟ್ಟರೆ ಇನ್ನೊಂದು ಚೇತರಿಸಿಕೊಳ್ಳುತ್ತದೆ. ಇದು ಆತನ ವಾದ. ವ್ಯತ್ಯಾಸ ತೀರ ಹೆಚ್ಚಾಗಿದ್ದರೆ ಈ ಉಪಾಯ ಫಲಿಸದೆಂದೂ ಆತನೇ ಒಪ್ಪಿಕೊಂಡಿದ್ದಾನೆ.

ಮುಂದಿನ ಶತಮಾನದವರಿಗೆ ಇಷ್ಟು ತಾಳ್ಮೆಯಿರಲಿಲ್ಲ. 1839ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖ್ ಏಳು ವರ್ಷದ ಹುಡುಗನೊಬ್ಬನ ಕಣ್ಣಿನ ಸ್ನಾಯುವನ್ನು ಕತ್ತರಿಸಿ ಮಾಲುಗಣ್ಣನ್ನು ನೆಟ್ಟಗೆ ಮಾಡಿದ. ಸುದ್ದಿ ಹಬ್ಬಿತು, ಕೆಲವೇ ವರ್ಷಗಳಲ್ಲಿ ಯೂರೋಪಿನ ಊರೂರಿನಲ್ಲಿ ಕತ್ತರಿ ಆಡಿತು. ಕಣ್ಣು ನೆಟ್ಟಗಾಯಿತು, ಮುಖ ಸುಂದರವಾಯಿತು. ಸೋಮಾರಿಯಾದ ಕಣ್ಣಿಗೆ ನೋಟ ಮಾತ್ರ ಬರಲಿಲ್ಲ.

ಕನ್ನಡಕ ಈ ಕಥೆಯೊಳಗೆ ಬಂದದ್ದು ಹಾಲೆಂಡಿನಿಂದ. ಉಟ್ರೆಕ್ಟಿನ ಪ್ರೊಫೆಸರ್ ಡಾಂಡರ್ಸ್ 1864ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಒಂದು ಸರಳವಾದ ಸತ್ಯವನ್ನು ಬಿಡಿಸಿ ತೋರಿಸಿದ. ದೂರದೃಷ್ಟಿಯಿರುವ ಮಗು ಸ್ಪಷ್ಟವಾಗಿ ನೋಡಬೇಕಾದರೆ ಕಣ್ಣಿನೊಳಗಿನ ಮಸೂರವನ್ನು ಬಿಗಿಹಿಡಿದು ದುಡಿಸಬೇಕು. ಆ ಬಿಗಿತಕ್ಕೂ ಕಣ್ಣುಗಳು ಮೂಗಿನ ಕಡೆಗೆ ತಿರುಗುವುದಕ್ಕೂ ಜೋಡೆತ್ತಿನ ಸಂಬಂಧ. ಒಂದು ಹೆಜ್ಜೆಯಿಟ್ಟರೆ ಇನ್ನೊಂದೂ ಇಡುತ್ತದೆ. ಹೀಗೆ ಮಗು ಚೆನ್ನಾಗಿ ಕಾಣಲೆಂದು ಪಟ್ಟ ಶ್ರಮವೇ ಕಣ್ಣನ್ನು ಓರೆ ಮಾಡುತ್ತದೆ. ತಕ್ಕ ಕನ್ನಡಕ ಕೊಟ್ಟರೆ ಶ್ರಮ ತಪ್ಪಿ, ಎಷ್ಟೋ ಮಕ್ಕಳ ಕಣ್ಣು ಕತ್ತರಿಯಿಲ್ಲದೆ ನೆಟ್ಟಗಾಗುತ್ತದೆ.

ಕನ್ನಡಕವನ್ನೂ ಪಟ್ಟಿಯನ್ನೂ ಒಂದುಗೂಡಿಸಿ ಈ ಚಿಕಿತ್ಸೆಗೆ ಬಾಳನ್ನೇ ಕೊಟ್ಟವನು ಪ್ಯಾರಿಸ್ಸಿನ ಎಮೀಲ್ ಜವಾಲ್. ಗಣಿ ಎಂಜಿನಿಯರಾಗಿದ್ದವನು ವೈದ್ಯನಾದ. ತಂದೆಗೂ ತಂಗಿಗೂ ಮಾಲುಗಣ್ಣು. ಶಸ್ತ್ರಕ್ರಿಯೆಯಿಂದ ಆಗುವುದೆಷ್ಟು, ಆಗದಿರುವುದೆಷ್ಟು ಎಂಬುದನ್ನು ಮನೆಯಲ್ಲಿಯೇ ಕಂಡಿದ್ದ. ಒಳ್ಳೆಯ ಕಣ್ಣನ್ನು ತಿಂಗಳುಗಟ್ಟಲೆ ಮುಚ್ಚಿ, ಆಮೇಲೆ ಸ್ಟೀರಿಯೋಸ್ಕೋಪಿನಲ್ಲಿ ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ತೋರಿಸಿ ಅವನ್ನು ಒಂದುಗೂಡಿಸುವ ಅಭ್ಯಾಸ ಮಾಡಿಸುತ್ತಿದ್ದ. 1896ರಲ್ಲಿ ಈ ವಿಷಯದ ಮೇಲೆ ಕೈಪಿಡಿಯನ್ನೂ ಬರೆದ. ವಿಧಿಯ ಆಟ ನೋಡಿ: ಗ್ಲಾಕೋಮಾ ರೋಗದಿಂದ 1900ರಲ್ಲಿ ಆತ ಪೂರ್ತಿ ಕುರುಡನಾದ. ಎದೆಗುಂದಲಿಲ್ಲ, ಕುರುಡರ ಬಾಳನ್ನು ಕುರಿತು 1903ರಲ್ಲಿ ಇನ್ನೊಂದು ಪುಸ್ತಕ ಬರೆದ.

ಅದೇ 1903ರಲ್ಲಿ ಲಂಡನ್ನಿನ ಕ್ಲಾಡ್ ವರ್ತ್ ತನ್ನ ಗ್ರಂಥವನ್ನು ಪ್ರಕಟಿಸಿದ. ಪಟ್ಟಿ ಕಟ್ಟಿಸಿಕೊಳ್ಳದ ಮಗುವಿನ ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದನ್ನೇ ಮಸುಕು ಮಾಡುವ ವಿಧಾನವನ್ನು ಆತ ಬಳಸಿದ. ಮಗು ಎಳೆಯದಾದಷ್ಟೂ ನೋಟ ಬೇಗ ಕೆಡುತ್ತದೆ, ಬೇಗ ಮರಳುತ್ತದೆ. ವರ್ಷ ಕಳೆದಷ್ಟೂ ಆಸೆ ಕಡಿಮೆ ಎಂಬುದನ್ನು ಸ್ಪಷ್ಟವಾಗಿ ಸಾರಿದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ನಮ್ಮ ಗಾದೆಯೇ ಅದು.

ಇಲ್ಲಿ ನನ್ನ ಸ್ವಂತ ಮಾತು ಹೇಳಬೇಕು. 1972ರಲ್ಲಿ, ನನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ನೌಕರಿಗೆ ಸೇರುವ ಮುನ್ನ ವೈದ್ಯಪರೀಕ್ಷೆಗೆ ಹೋದೆ. ಎಡಗಣ್ಣು ಮುಚ್ಚಿಕೊಂಡು ಓದು ಎಂದರು. ಗೋಡೆಯ ಮೇಲಿನ ಹಲಗೆಯೇನೋ ಕಂಡಿತು. ಮೇಲಿನ ಒಂದು ದೊಡ್ಡ ಅಕ್ಷರ ಬಿಟ್ಟರೆ ಉಳಿದುದೆಲ್ಲ ಇರುವೆಯ ಸಾಲು. ಅದುವರೆಗೆ ನನಗೆ ತಿಳಿದೇ ಇರಲಿಲ್ಲ! ಶಾಲೆಯಲ್ಲಿ ಎರಡು ಕಣ್ಣೂ ತೆರೆದು ಕಪ್ಪುಹಲಗೆಯನ್ನು ಸರಾಗವಾಗಿ ಓದುತ್ತಿದ್ದೆ. ಕೈಗೆ ಬಂದ ಚೆಂಡನ್ನು ಬಿಡುವುದು, ಅಮ್ಮನ ಸೂಜಿಗೆ ದಾರ ಪೋಣಿಸಲಾಗದಿರುವುದು, ಲೋಟದ ಹೊರಗೆ ನೀರು ಸುರಿಯುವುದು, ಇವೆಲ್ಲ ನನ್ನ ಮಂದಬುದ್ಧಿಯ ಗುರುತೆಂದು ಬೈಸಿಕೊಂಡಿದ್ದೆ. ಆಳವನ್ನೂ ದೂರವನ್ನೂ ಅಳೆಯಲು ಎರಡು ಕಣ್ಣೂ ಜೊತೆಯಾಗಿ ದುಡಿಯಬೇಕೆಂದು ಯಾರಿಗೆ ಗೊತ್ತಿತ್ತು? "ಏಳು ವರ್ಷದೊಳಗೆ ಬಂದಿದ್ದರೆ ಸರಿಮಾಡಬಹುದಿತ್ತು" ಎಂದರು ಪರೀಕ್ಷಿಸಿದ ವೈದ್ಯರು. ಆ ನೌಕರಿ ಸಿಗಲಿಲ್ಲ. ವರ್ತನ ಪುಸ್ತಕ ಬಂದು ಆಗ ಅರವತ್ತೊಂಬತ್ತು ವರ್ಷ. ವಿದ್ಯೆ ಲೋಕದಲ್ಲಿತ್ತು, ನಮ್ಮ ಮನೆಯ ಬಾಗಿಲಿಗೆ ಬಂದಿರಲಿಲ್ಲ.

ಏಳು ವರ್ಷವೆಂಬ ಗಡುವೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಬೆಕ್ಕಿನ ಮರಿಗಳಿಂದ. ಅಮೆರಿಕದ ಹಾರ್ವರ್ಡಿನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟೋರ್ಸ್ಟನ್ ವೀಸೆಲ್ ಎಂಬ ಇಬ್ಬರು ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಎರಡು ಮೂರು ತಿಂಗಳ ಮೇಲೆ ತೆರೆದು ನೋಡಿದರು. ಕಣ್ಣು ಆರೋಗ್ಯವಾಗಿಯೇ ಇತ್ತು. ಆದರೆ ಮಿದುಳಿನ ದೃಷ್ಟಿಭಾಗದಲ್ಲಿ ಆ ಕಣ್ಣಿನ ಕರೆಗೆ ಓಗೊಡುವ ಜೀವಕೋಶಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಇನ್ನೊಂದು ಕಣ್ಣು ಅವನ್ನೆಲ್ಲ ಆಕ್ರಮಿಸಿಕೊಂಡಿತ್ತು. ಬೆಳೆದ ಬೆಕ್ಕಿನ ಕಣ್ಣನ್ನು ಹಾಗೆಯೇ ಮುಚ್ಚಿಟ್ಟರೆ ಏನೂ ಆಗಲಿಲ್ಲ. ಇದು 1963ರಲ್ಲಿ ಪ್ರಕಟವಾಯಿತು. ಮರಿಯ ನಾಲ್ಕನೆಯ ವಾರದಿಂದ ಸುಮಾರು ಮೂರು ತಿಂಗಳವರೆಗಿನ ಕಾಲವೇ ನಿರ್ಣಾಯಕವೆಂದು 1970ರಲ್ಲಿ ಅವರು ತೋರಿಸಿದರು. ಇಬ್ಬರಿಗೂ 1981ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಮನುಷ್ಯರ ಮಗುವಿಗೆ ಈ ಕಾಲ ವಾರಗಳದ್ದಲ್ಲ, ವರ್ಷಗಳದ್ದು. ಮೂಕಪ್ರಾಣಿಗಳ ನೋವನ್ನು ನೆನೆದರೆ ಮನಸ್ಸಿಗೆ ಹಿತವಾಗದು. ಆದರೂ ಬಾಗ್ದಾದಿನ ವೈದ್ಯನ ಉಪಾಯ ಏಕೆ ಫಲಿಸುತ್ತದೆ, ಯಾವಾಗ ಫಲಿಸುವುದಿಲ್ಲ ಎಂಬುದು ಹೀಗೆ ತಿಳಿಯಿತು.

ಎಷ್ಟು ಹೊತ್ತು ಮುಚ್ಚಬೇಕೆಂಬುದು ಮಾತ್ರ ಬಹುಕಾಲ ವೈದ್ಯರ ರೂಢಿಗೆ ಬಿಟ್ಟ ವಿಷಯವಾಗಿತ್ತು. ದಿನವಿಡೀ ಕಟ್ಟಿಸುತ್ತಿದ್ದವರೂ ಉಂಟು. ಅಮೆರಿಕದ ಮಕ್ಕಳ ಕಣ್ಣುವೈದ್ಯರ ತಂಡವೊಂದು ಇದನ್ನು ಅಳೆದು ನೋಡಿತು. ಹನಿಯೂ ಪಟ್ಟಿಯೂ ಹೆಚ್ಚುಕಡಿಮೆ ಸಮವೆಂದು 2002ರಲ್ಲಿ 419 ಮಕ್ಕಳ ಪರೀಕ್ಷೆಯಿಂದ ಕಂಡಿತು. ಮಧ್ಯಮ ತರಗತಿಯ ದೋಷಕ್ಕೆ ದಿನಕ್ಕೆ ಎರಡು ಗಂಟೆಯ ಪಟ್ಟಿ ಆರು ಗಂಟೆಯಷ್ಟೇ ಗುಣ ಕೊಡುತ್ತದೆಂದು 2003ರಲ್ಲಿ ತಿಳಿಯಿತು. ಪವರಿನ ಅಂತರದಿಂದ ಬಂದ ದೋಷದಲ್ಲಿ ಬರಿಯ ಕನ್ನಡಕದಿಂದಲೇ ಕಾಲುಭಾಗಕ್ಕಿಂತ ಹೆಚ್ಚು ಮಕ್ಕಳು ಪೂರ್ತಿ ಗುಣವಾದರೆಂದು 2006ರಲ್ಲಿ ಗೊತ್ತಾಯಿತು. ಮೊದಲು ಕನ್ನಡಕ, ಕೆಲವು ತಿಂಗಳು ಕಾದು ಆಮೇಲೆ ಪಟ್ಟಿ ಎಂದು ನಮ್ಮ ಮಗುವಿಗೂ ವೈದ್ಯರು ಹೇಳಿದ್ದು ಇದೇ ಕಾರಣಕ್ಕೆ. ಏಳು ದಾಟಿದವರಲ್ಲಿಯೂ ಕೆಲವರಿಗೆ ಪ್ರಯೋಜನವುಂಟೆಂದು 2005ರಲ್ಲಿ 507 ಮಕ್ಕಳ ಪರೀಕ್ಷೆ ತೋರಿಸಿತು. ಬಾಗಿಲು ಒಮ್ಮೆಲೇ ಮುಚ್ಚುವುದಿಲ್ಲ, ಮೆಲ್ಲಮೆಲ್ಲನೆ ಮುಚ್ಚುತ್ತದೆ. ಅಳತೆ ಮೀರಿ ಪಟ್ಟಿ ಕಟ್ಟಿದರೆ ಒಳ್ಳೆಯ ಕಣ್ಣೇ ಮಂಕಾಗುವ ಭಯವೂ ಇದೆ. ಆದ್ದರಿಂದ ವೈದ್ಯರ ಕಣ್ಗಾವಲಿಲ್ಲದೆ ಈ ಕೆಲಸ ಮಾಡತಕ್ಕದ್ದಲ್ಲ.

ಇಷ್ಟನ್ನೂ ಮನೆಯಲ್ಲಿ ಹೇಳಿದೆ. ದೊಡ್ಡವರು ಒಪ್ಪಿದರು. ಮಗುವಿಗೆ ಬಾಗ್ದಾದೇನು, ಹಾರ್ವರ್ಡೇನು! ಕೊನೆಗೆ, "ತಾತನಿಗೂ ಹಾಕಿದರೆ ನನಗೂ ಹಾಕಿ" ಎಂದಿತು. ನನ್ನ ಎಡಗಣ್ಣಿಗೂ ಪಟ್ಟಿ ಅಂಟಿತು. ಇಬ್ಬರೂ ದಿನಪತ್ರಿಕೆ ಹರಡಿಕೊಂಡು ಕುಳಿತೆವು. ಅವಳು ಮೂಗನ್ನು ಕಾಗದಕ್ಕೆ ಹಚ್ಚಿ, ತಲೆಬರಹದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ನನಗೆ ಒಂದೂ ಕಾಣಲಿಲ್ಲ. "ತಾತನಿಗೆ ಓದಲು ಬರುವುದಿಲ್ಲ" ಎಂದು ಅಡಿಗೆಮನೆಗೆ ಹೋಗಿ ವರದಿ ಒಪ್ಪಿಸಿದಳು. ಐದು ತಿಂಗಳಾದ ಮೇಲೆ ಅವಳ ಬಲಗಣ್ಣು ವೈದ್ಯರ ಹಲಗೆಯಲ್ಲಿ ಮೂರು ಸಾಲು ಕೆಳಗಿಳಿದಿದೆ. ಗಡಿಯಾರ ನೋಡಿ ತಪ್ಪದೆ ಪಟ್ಟಿ ಅಂಟಿಸುವವಳು ಈಗ ನನ್ನ ಮನೆಯಾಕೆಯೇ.

ಮಕ್ಕಳಿರುವ ಓದುಗರಲ್ಲಿ ಒಂದು ವಿನಂತಿ. ಕಣ್ಣು ಓರೆಯಿರಲಿ ಇಲ್ಲದಿರಲಿ, ಮಗುವಿಗೆ ಮೂರು ನಾಲ್ಕು ವರ್ಷ ತುಂಬುವ ಹೊತ್ತಿಗೆ ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ವೈದ್ಯರಿಂದ ಪರೀಕ್ಷೆ ಮಾಡಿಸಿ. ಅದಕ್ಕೆ ಮುಂಚೆ ಮನೆಯಲ್ಲಿಯೇ ಆಟದ ನೆವದಿಂದ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಕೈಯನ್ನು ತಳ್ಳಿ ಅತ್ತರೆ, ಹಟವೆಂದು ಗದರಬೇಡಿ. ಮಾರನೆಯ ದಿನವೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.