ಯಾವ ಸೇರು? ಅಂಕೋಲೆಯ ಒಂದು ಪಾಕಪುಸ್ತಕದ ಓದು

ಅಂಕೋಲೆಯ ಪರಿಚಿತರ ಮನೆಯ ಅಟ್ಟದಿಂದ ಇಳಿದ ಹಳೆಯ ಪುಸ್ತಕವೊಂದು ಕೆಲವು ಕಾಲ ನನ್ನ ಬಳಿಯಿತ್ತು. ಕೈಬರಹದ್ದು, ಹೊದಿಕೆ ಇಲ್ಲ, ಬರೆದವರ ಹೆಸರಿಲ್ಲ, ಕಾಲದ ಉಲ್ಲೇಖವೂ ಇಲ್ಲ. ಲಿಪಿ ಕನ್ನಡ, ಭಾಷೆ ಅರ್ಧ ಕನ್ನಡ ಅರ್ಧ ಕೊಂಕಣಿ. ಕಾರವಾರ, ಅಂಕೋಲೆಗಳ ಅಡುಗೆಮನೆಯಲ್ಲಿ ಇದು ವಿಶೇಷವೇನಲ್ಲ. ಒಂದೇ ಒಲೆಯ ಮುಂದೆ ಎರಡು ಭಾಷೆಗಳು ಬಹುಕಾಲದಿಂದ ಕುಳಿತಿವೆ. ಪುಸ್ತಕದ ತುಂಬ ಸಿಹಿತಿನಿಸುಗಳೇ ಇವೆ: ಪಾತೋಳಿ, ಮಣಗಣೆ, ಹಾಲುಬಾಯಿ, ನೆವರಿ, ಸುಕ್ಕಿನುಂಡೆ. ಇವುಗಳಲ್ಲಿ ಒಂದನ್ನು ಬರೆದಿರುವಂತೆಯೇ ಮಾಡಿನೋಡಬೇಕೆಂದು ನಾನು ಹೊರಟದ್ದು ರುಚಿಯ ಆಸೆಗಿಂತ ಪಾಠಾಂತರದ ಆಸಕ್ತಿಯಿಂದ. ಆರಿಸಿಕೊಂಡದ್ದು ಕೊಂಕಣಿ ಮನೆಗಳು ತವಸಳಿ ಎನ್ನುವ, ಕನ್ನಡ ಮನೆಗಳು ಸೌತೆಕಾಯಿ ಕಡುಬು ಎನ್ನುವ ತಿನಿಸನ್ನು.

ಪುಸ್ತಕದ ವಿಧಾನ ನಾಲ್ಕೇ ಸಾಲಿನದು. ಅಕ್ಕಿ ತರಿ ಒಂದು ಸೇರು, ಬೆಲ್ಲ ಎರಡು ಸೇರು, ಕಾಯಿ ಒಂದು, ಸೌತೆ ಹಿಡಿಸುವಷ್ಟು. ಮೇಲೆ ಕೆಳಗೆ ಕೆಂಡ. ಇಷ್ಟು ಹೇಳಿ ಬರೆದವರು ಮುಂದಿನ ತಿನಿಸಿಗೆ ಹೋಗಿದ್ದಾರೆ.

ಮೊದಲ ಪ್ರಯತ್ನ ಪೂರ್ಣವಾಗಿ ಕೆಟ್ಟಿತು. ಒಂದು ಸೇರು ಎಂದರೆ ೮೦ ತೊಲೆ, ಸುಮಾರು ೯೩೩ ಗ್ರಾಂ ಎಂದು ಶಾಲೆಯಲ್ಲಿ ಕಲಿತದ್ದನ್ನು ನಂಬಿ ಹೆಚ್ಚುಕಡಿಮೆ ಎರಡು ಕಿಲೋ ಬೆಲ್ಲ ಸುರಿದೆ. ಪಾತ್ರೆಯಲ್ಲಿ ಉಳಿದದ್ದು ಕಡುಬಲ್ಲ, ಪಾಕದಲ್ಲಿ ಮುಳುಗಿದ ತರಿ. ಬರೆದವರು ತಪ್ಪಿರಬೇಕು ಎಂಬುದು ಆಗ ಬಂದ ಮೊದಲ ಯೋಚನೆ. ಹಸ್ತಪ್ರತಿ ಅರ್ಥವಾಗದಿದ್ದಾಗ ಲಿಪಿಕಾರನ ಮೇಲೆ ದೋಷ ಹೊರಿಸುವ ಚಾಳಿ ಗ್ರಂಥಸಂಪಾದನೆಯಲ್ಲಿ ಪಳಗಿದವರನ್ನೂ ಬಿಡುವುದಿಲ್ಲ.

ತಪ್ಪು ನನ್ನದೇ ಆಗಿತ್ತು. ಅದರ ಬೇರು ಈ ಜಿಲ್ಲೆಯ ಆಡಳಿತದ ಇತಿಹಾಸದಲ್ಲಿದೆ. ೧೭೯೯ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಕಂಪನಿಯ ಕೈಸೇರಿ ಮದರಾಸು ಆಧಿಪತ್ಯಕ್ಕೆ ಒಳಪಟ್ಟಿತು. ೧೮೬೨ರಲ್ಲಿ ಉತ್ತರ ಕೆನರಾ ಮುಂಬಯಿ ಆಧಿಪತ್ಯಕ್ಕೆ ವರ್ಗವಾಯಿತು; ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆದದ್ದು ಆಮೇಲೆ. ಆಳುವವರು ಬದಲಾದಂತೆ ಅಂಗಡಿಯ ತಕ್ಕಡಿಕಲ್ಲೂ ಬದಲಾಯಿತು. ಮದರಾಸಿನ ಮಣ ೨೫ ಪೌಂಡಿನದು, ಮುಂಬಯಿಯದು ೨೮ ಪೌಂಡಿನದು, ಬಂಗಾಳದ್ದು ೮೨ ಪೌಂಡಿಗೂ ತುಸು ಮೇಲೆ. ಮೂರರಲ್ಲಿಯೂ ಮಣಕ್ಕೆ ೪೦ ಸೇರು. ಲೆಕ್ಕ ಹಾಕಿದರೆ ಮದರಾಸಿನ ಸೇರು ಸುಮಾರು ೨೮೩ ಗ್ರಾಂ, ಮುಂಬಯಿಯದು ೩೧೭ ಗ್ರಾಂ, ಬಂಗಾಳದ್ದು ೯೩೩ ಗ್ರಾಂ. ನಾನು ಶಾಲೆಯಲ್ಲಿ ಕಲಿತದ್ದು ಬಂಗಾಳದ ಸೇರು. ಅಂಕೋಲೆಯ ಆ ಗೃಹಿಣಿಯ ಕಾಲದ ಅಂಗಡಿಯಲ್ಲಿ ಇದ್ದದ್ದು ಬೇರೆ.

ಇಷ್ಟಕ್ಕೇ ಮುಗಿಯಲಿಲ್ಲ. ಅಕ್ಕಿಯನ್ನು ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಬೆಲ್ಲವನ್ನು ಅಳೆಯುತ್ತಿರಲಿಲ್ಲ, ತೂಗುತ್ತಿದ್ದರು. ಒಂದೇ ವಾಕ್ಯದಲ್ಲಿ ಎರಡು ಸಲ ಬಂದ 'ಸೇರು' ಎಂಬ ಪದಕ್ಕೆ ಎರಡು ಅರ್ಥ. ಮೊದಲನೆಯದು ಪಾತ್ರೆ, ಎರಡನೆಯದು ಕಲ್ಲು. ಆ ಮನೆಯಲ್ಲಿ ಇನ್ನೂ ಉಳಿದಿದ್ದ ಹಿತ್ತಾಳೆಯ ಸೇರಿನಲ್ಲಿ ಅಕ್ಕಿ ತರಿ ಅಳೆದು ತೂಗಿದಾಗ ಒಂಬೈನೂರು ಗ್ರಾಂ ಆಸುಪಾಸಿಗೆ ಬಂತು. ಮುಂಬಯಿ ಲೆಕ್ಕದ ಎರಡು ಸೇರು ಬೆಲ್ಲ ೬೩೪ ಗ್ರಾಂ, ಮದರಾಸಿನದು ೫೬೬ ಗ್ರಾಂ. ಎರಡೂ ಬಾಯಿಗೆ ಒಪ್ಪುವ ಪ್ರಮಾಣಗಳೇ. ಆದ್ದರಿಂದ ರುಚಿಯನ್ನು ಆಧಾರವಾಗಿಟ್ಟುಕೊಂಡು ಈ ಪಾಕ ೧೮೬೨ಕ್ಕಿಂತ ಹಿಂದಿನದೋ ಮುಂದಿನದೋ ಎಂದು ನಿರ್ಣಯಿಸುವಂತಿಲ್ಲ. ಕಾಗದ ಹೊಸದಾಗಿದ್ದರೂ ಪಾಕ ಹಳೆಯದಿರಬಹುದು. ಹಸ್ತಪ್ರತಿಯ ಕಾಲವೇ ಕೃತಿಯ ಕಾಲವಲ್ಲವೆಂಬುದು ವಿದ್ಯಾರ್ಥಿಗಳಿಗೆ ಹೊಸ ಮಾತೇನಲ್ಲ.

ಈ ಪುಸ್ತಕದ ಮಿತವಾಕ್ಕು ನಮ್ಮ ಶಾಸ್ತ್ರಗ್ರಂಥಗಳ ಮನೋಧರ್ಮಕ್ಕೆ ದೂರವಾದುದಲ್ಲ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದನು. ಅದರ ಮೊದಲ ಅಧ್ಯಾಯವೇ ಹಿಟ್ಟಿನ ಭಕ್ಷ್ಯಗಳದು. ವಾರ್ಧಕದ ಒಂದು ಪದ್ಯದಲ್ಲಿ ದೊರೆಯುವುದು ೧೪೪ ಮಾತ್ರೆ. ಅಷ್ಟರಲ್ಲಿ ಆದಿಪ್ರಾಸ ಕೂಡಬೇಕು, ಹಿಟ್ಟು ನಾದಬೇಕು, ಹೂರಣ ತುಂಬಬೇಕು, ತುಪ್ಪದಲ್ಲಿ ಕರಿಯಬೇಕು. ತೂಕ ಹೇಳಲು ಜಾಗವೆಲ್ಲಿ? ಮಂಗರಸನು ಪ್ರಮಾಣಕ್ಕಿಂತ ಕ್ರಮವನ್ನು ಹೆಚ್ಚಾಗಿ ಹೇಳುತ್ತಾನೆ. ಅವನು ಉದ್ದೇಶಿಸಿದ ಓದುಗರಿಗೆ ಕೈಯ ಅಂದಾಜು ಮೊದಲೇ ಇತ್ತು; ಮರೆಯದಂತೆ ನೆನಪಿನಲ್ಲಿಡಲು ಪದ್ಯವೊಂದು ಸಾಕಾಗಿತ್ತು. ಅಂಕೋಲೆಯ ಗೃಹಿಣಿ ಷಟ್ಪದಿ ಬರೆಯಲಿಲ್ಲ, ಆದರೆ ಅದೇ ನಂಬಿಕೆಯಿಂದ ಬರೆದಳು.

ಕೈಯ ತಿಳಿವು ತಪ್ಪಿಹೋದಾಗ ಏನಾಗುತ್ತದೆ ಎಂಬುದನ್ನು ನಿಘಂಟುಗಳಲ್ಲಿ ನೋಡಬಹುದು. ಭೋಜನವರ್ಣನೆಯ ಯಾವುದಾದರೂ ಕಾವ್ಯಭಾಗ ತೆಗೆದು, ಅಲ್ಲಿ ಸಾಲುಗಟ್ಟಿದ ತಿನಿಸುಗಳ ಹೆಸರು ಹುಡುಕಿರಿ. 'ಒಂದು ಬಗೆಯ ಭಕ್ಷ್ಯ' ಎಂಬ ವಿವರಣೆ ಮತ್ತೆ ಮತ್ತೆ ಎದುರಾಗುತ್ತದೆ. ಅಕ್ಕಿಯದೋ ಗೋದಿಯದೋ, ಬೇಯಿಸಿದ್ದೋ ಕರಿದದ್ದೋ ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ಅರ್ಥವಿವರಣೆಯಲ್ಲ, ಪದದ ಮರಣವಾರ್ತೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೇ ಜಿಲ್ಲೆಯಲ್ಲಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ (ಕ್ರಿ.ಶ. ೧೧೨೯) ಅನ್ನಭೋಗ ಪ್ರಕರಣದಲ್ಲಿ ಮಂಡಕವೆಂಬ ತಿನಿಸು ಬರುತ್ತದೆ. ಗೋದಿಹಿಟ್ಟಿನ ಉಂಡೆಯನ್ನು ಕೈಯಿಂದಲೇ ಅಗಲವಾಗಿ ಹಿಗ್ಗಿಸಿ ಕಾದ ಖರ್ಪರದ ಮೇಲೆ ಹಾಕಬೇಕು. ನಾಗರಿಕ ಅಡುಗೆಮನೆಯಲ್ಲಿ ಕುಳಿತು ಓದಿದವನಿಗೆ ಖರ್ಪರವೆಂದರೆ ಬರೀ ಬೋಕಿಯ ಚೂರು. ಬೆಳಗಾವಿ ಸೀಮೆಯ ಮಂಡಿಗೆಯನ್ನು ಕಂಡವನಿಗೆ ಅದು ಒಲೆಯ ಮೇಲೆ ಬೋರಲಾಗಿಟ್ಟ ಪಾತ್ರೆ. ಅಂಕೋಲೆಯಿಂದ ದಕ್ಷಿಣಕ್ಕೆ, ಕುಮಟೆಯನ್ನು ದಾಟಿ ಹೊನ್ನಾವರದತ್ತ ಹೋದರೆ ತೊಡದೇವು ಮಾಡುವ ಮನೆಗಳಲ್ಲಿಯೂ ಇಂಥದೇ ಒಲೆ ಕಾಣುತ್ತದೆ. ಮಣ್ಣಿನ ಗಡಿಗೆಯನ್ನು ಬೋರಲು ಹಾಕಿ, ಕಬ್ಬಿನ ಹಾಲು ಅಥವಾ ಜೋನಿ ಬೆಲ್ಲ ಬೆರೆಸಿದ ತೆಳ್ಳನೆಯ ಅಕ್ಕಿಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಅದರ ಬೆನ್ನಮೇಲೆ ಬಳಿಯುತ್ತಾರೆ. ಗಳಿಗೆಯಲ್ಲಿ ಕಾಗದದಂಥ ಹಾಳೆ ಎದ್ದು ಬರುತ್ತದೆ. ಮಂಡಕದಿಂದ ತೊಡದೇವು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಧಾನ್ಯ ಬೇರೆ, ಕೈಚಳಕ ಬೇರೆ. ಆದರೆ ಆ ಗಡಿಗೆಯ ಬೆನ್ನನ್ನು ಕಂಡವರು ಸೋಮೇಶ್ವರನ ಶ್ಲೋಕದ ಮುಂದೆ ತಡವರಿಸಲಾರರು. ಕೆಲವು ಗ್ರಂಥಗಳ ಟೀಕೆ ಒಲೆಯ ಬಳಿ ಮಾತ್ರ ಸಿಗುತ್ತದೆ.

ಎರಡನೆಯ ಸಲ ಬೆಲ್ಲ ಸರಿಯಾಯಿತು, ಹದ ಮಾತ್ರ ಸಿಗಲಿಲ್ಲ. ಕಡುಬು ಒಣಗಿ ಬಿರಿಯಿತು. ಆ ಮನೆಯ ಅಜ್ಜಿ ಎಂಬತ್ತು ದಾಟಿದವರು. ತಟ್ಟೆಯನ್ನೊಮ್ಮೆ ನೋಡಿ, "ನೀರು ಹಾಕಿದ್ಯಾ ತಮಾ?" ಎಂದರು. ಸೌತೆಯ ತುರಿ ಹಿಂಡಿ ನೀರು ಚೆಲ್ಲಿ, ಒಣಗಿತೆಂದು ಮತ್ತೆ ಬಾವಿಯ ನೀರು ಚಿಮುಕಿಸಿದ್ದೆ. ಅದನ್ನು ಕೇಳಿ ಅವರು ನಕ್ಕರು. 'ಹಿಡಿಸುವಷ್ಟು' ಎಂಬ ಪದವೇ ಅಲ್ಲಿಯ ಅಳತೆ: ಹುರಿದ ತರಿ ಸೌತೆಯ ತುರಿಯನ್ನೂ ಅದರ ನೀರನ್ನೂ ಎಷ್ಟು ಕುಡಿಯಬಲ್ಲದೋ ಅಷ್ಟು. ಹೊರಗಿನ ಹನಿ ನೀರೂ ಕೂಡದು. ಮಳೆಗಾಲ ಮುಗಿಯುತ್ತಲೇ ಕಿತ್ತ ಎಳೆಯ ಕಾಯಿಯಲ್ಲಿ ನೀರು ಹೆಚ್ಚು. ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತಿಂಗಳುಗಟ್ಟಲೆ ತೂಗುಹಾಕಿದ ಕಾಯಿಯದು ಬೇರೆಯೇ ಲೆಕ್ಕ. ಸೌತೆ ಇಷ್ಟೆಂದು ಬರೆದಿದ್ದರೆ ಪುಸ್ತಕ ವರ್ಷದ ಅರ್ಧಭಾಗ ಸುಳ್ಳು ಹೇಳುತ್ತಿತ್ತು. ಅಸ್ಪಷ್ಟವೆಂದು ನಾನು ತಿಳಿದಿದ್ದ ಪದವೇ ಆ ನಾಲ್ಕು ಸಾಲಿನಲ್ಲಿ ಅತ್ಯಂತ ನಿಖರವಾದುದು.

ಮೂರನೆಯ ಸಲ ಅಜ್ಜಿಯ ಕಣ್ಣೆದುರೇ ಮಾಡಿದೆವು. ತಪ್ಪಲೆಯ ತಳಕ್ಕೆ ಬಾಳೆಲೆ, ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ. ಅಂಚು ಕೆಂಪಗಾಗಿ ಮನೆಯೆಲ್ಲ ಏಲಕ್ಕಿ, ಬೆಲ್ಲಗಳ ಪರಿಮಳ ತುಂಬಿತು. ಮೇಲಿನ ಕೆಂಡವಿಲ್ಲದೆ ಹಬೆಯಲ್ಲಿ ಬೇಯಿಸಿದ ಈಗಿನ ಕಡುಬು ಮೃದು, ಚೆಂದ. ಆದರೆ ಕಚ್ಚಿದಾಗ ಬರುವ ಆ ಸುಟ್ಟ ಬೆಲ್ಲದ ಗಂಟು ಅದರಲ್ಲಿಲ್ಲ.

ಕೈಯ ತಿಳಿವನ್ನು ಅಕ್ಷರಕ್ಕೆ ಇಳಿಸುವ ಅಗತ್ಯ ಮೊದಲು ಬಂದದ್ದು ಊರು ಬಿಟ್ಟವರಿಗೆ. ಕೆನರಾದ ಸಾರಸ್ವತ ಕುಟುಂಬಗಳು ಉದ್ಯೋಗಕ್ಕಾಗಿ ಮುಂಬಯಿ ಸೇರಿದಾಗ, ಅತ್ತೆಯರಿಲ್ಲದ ಬಿಡಾರಗಳಲ್ಲಿ ಸಂಸಾರ ಹೂಡಿದ ಸೊಸೆಯರಿಗೆ ಮರಾಠಿಯಲ್ಲಿ ಅಂಬಾಬಾಯಿ ಸಂಶಿ ಅವರ 'ರಸಚಂದ್ರಿಕಾ' ದೊರೆಯಿತು. ಸಾರಸ್ವತ ಮಹಿಳಾ ಸಮಾಜ ಅದನ್ನು ಮುಂದೆ ಉಳಿಸಿಕೊಂಡು ಬಂತು. ಊರಿನಲ್ಲೇ ಉಳಿದವರಿಗೂ ಅಳತೆ ಕೈತಪ್ಪಿತು. ೧೯೫೬ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತೂಕ ಅಳತೆಗಳ ಕಾಯಿದೆ ಬಂದು, ೧೯೫೮ರಿಂದ ಹಂತಹಂತವಾಗಿ ಕಿಲೋಗ್ರಾಂ ಜಾರಿಯಾಯಿತು. ಹಿತ್ತಾಳೆಯ ಸೇರುಗಳು ಗುಜರಿಗೆ ಹೋದವು. ಪಾಕಪುಸ್ತಕದಲ್ಲಿದ್ದ ಸೇರು ಮಾತ್ರ ತನ್ನ ಪಾತ್ರೆಯಿಲ್ಲದೆ ಪದವಾಗಿಯಷ್ಟೇ ಉಳಿಯಿತು. ಹಳೆಯ ಮನೆಗಳನ್ನು ಸುತ್ತುವ ಸಂಶೋಧಕರು ತಾಳೆಗರಿಯ ಜೊತೆಗೆ ಅಟ್ಟದ ಮೇಲಿನ ಸೇರು, ಪಾವುಗಳನ್ನೂ ಅಳೆದು ಬರೆದಿಟ್ಟುಕೊಳ್ಳಬೇಕೆಂದು ನನಗೆ ಅನ್ನಿಸಿದ್ದು ಈ ಕಾರಣಕ್ಕೆ. ಆ ಒಂದು ಸೇರು ಉಳಿದಿರದಿದ್ದರೆ ನನ್ನ ಕಡುಬು ಇನ್ನೂ ಪಾಕದಲ್ಲೇ ಮುಳುಗಿರುತ್ತಿತ್ತು.

ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಹಾಲುಬಾಯಿಯ ವಿಧಾನವಿದೆ. ಅಕ್ಕಿ, ಬೆಲ್ಲ, ಕಾಯಿಹಾಲು ಎಲ್ಲ ಸರಿ. ಕೊನೆಗೆ 'ಅರ್ಧ ಆಣೆಯ ಏಲಕ್ಕಿ' ಎಂದಿದೆ. ತೂಕವಲ್ಲ, ಅಳತೆಯಲ್ಲ, ಬೆಲೆ. ಘಟ್ಟದ ಮೇಲಿನ ತೋಟಗಳಿಂದ ಅಂಕೋಲೆಯ ಪೇಟೆಗೆ ಇಳಿಯುತ್ತಿದ್ದ ಏಲಕ್ಕಿ ಅರ್ಧ ಆಣೆಗೆ ಎಷ್ಟು ಬರುತ್ತಿತ್ತೆಂದು ಗೊತ್ತಾದರೆ ಹಾಲುಬಾಯಿಯ ರುಚಿಯೂ ಪುಸ್ತಕದ ಕಾಲವೂ ಒಟ್ಟಿಗೆ ತಿಳಿದಾವು. ಅಜ್ಜಿಯನ್ನು ಕೇಳಿದೆ. "ನಾಲ್ಕು ಕಾಳು ಸಾಕು" ಎಂದರು. ಇತಿಹಾಸಕ್ಕೆ ಅಷ್ಟು ಸಾಲದು. ಹಳೆಯ ಅಂಗಡಿ ಖಾತೆಗಳನ್ನು ಹುಡುಕುತ್ತಿದ್ದೇನೆ.