ಬೊಗ್ದಾನ್ ಎಂಬ ಹೆಸರು

ಸುಪ್ರತೀಕವೆಂಬ ಆನೆಯನ್ನೇರಿ ಬಂದು ಅರ್ಜುನನೊಡನೆ ಕಾದಿ ಮಡಿದ ಪ್ರಾಗ್ಜ್ಯೋತಿಷದ ದೊರೆ ಭಗದತ್ತನನ್ನು ಭಾರತವನ್ನು ಕೇಳಿಬಲ್ಲ ಮನೆಗಳಲ್ಲಿ ಅರಿಯದವರಿಲ್ಲ. ಅವನು ಬಿಟ್ಟ ವೈಷ್ಣವಾಸ್ತ್ರವು ಶ್ರೀಕೃಷ್ಣನ ಎದೆಯಲ್ಲಿ ಮಾಲೆಯಾಗಿ ನಿಂತ ಕಥೆಯನ್ನು ಗಮಕಿಗಳು ಎಷ್ಟೋ ಬಾರಿ ಓದಿ ಹೇಳಿರುವರು. ಆ ಹೆಸರಿಗೆ ಸಗೋತ್ರವೆನ್ನಬಹುದಾದ ಮತ್ತೊಂದು ಹೆಸರನ್ನು ಯೂರೋಪಿನ ಸ್ಲಾವ ಜನಾಂಗದವರು ಇಂದಿಗೂ ತಮ್ಮ ಗಂಡುಮಕ್ಕಳಿಗೆ ಇಡುತ್ತಿರುವರೆಂಬ ಸಂಗತಿ ಮಾತ್ರ ನಮ್ಮವರಿಗೆ ಅಷ್ಟಾಗಿ ವಿದಿತವಾಗಿಲ್ಲ. ಆ ಹೆಸರು ಬೊಗ್ದಾನ್. ರಷ್ಯದವರೂ ಸರ್ಬಿಯದವರೂ ಬಲ್ಗೇರಿಯದವರೂ ಅದನ್ನು ಹೀಗೆಯೇ ನುಡಿಯುವರು. ಗಕಾರವನ್ನು ಹಕಾರವಾಗಿಸುವ ಯುಕ್ರೇನಿನವರ ಬಾಯಲ್ಲಿ ಅದು ಬೊಹ್ದಾನ್ ಆಗುವುದು.

ಸ್ಲಾವ ಭಾಷೆಗಳಲ್ಲಿ ಬೊಗ್ ಎಂದರೆ ದೇವರು. ದಾನ್ ಎಂದರೆ ಕೊಡಲ್ಪಟ್ಟವನು. ದೇವರು ಕೊಟ್ಟ ಮಗನೆಂದು ಒಟ್ಟರ್ಥ. ವ್ಯಾಕರಣಶಾಸ್ತ್ರದಲ್ಲಿ ಉದಾಹರಣೆಗೆಂದು ದಿನವೂ ಅನ್ನವನ್ನು ಬೇಯಿಸುವ ನಮ್ಮ ದೇವದತ್ತನ ಹೆಸರಿಗೂ ಇದೇ ಅರ್ಥವಷ್ಟೆ. ಕಿವಿಗೆ ಒಂದೇ ತೆರನಾಗಿ ಕೇಳಿಸಿದ ಮಾತ್ರಕ್ಕೆ ಎರಡು ಶಬ್ದಗಳನ್ನು ಒಡಹುಟ್ಟುಗಳೆಂದು ಸಾರಿಬಿಡುವ ಚಾಪಲ್ಯವು ಪಂಡಿತರಲ್ಲಿಯೂ ಉಂಟು, ಇಲ್ಲಿ ಹಾಗಾಗಿಲ್ಲ. ಸಂಸ್ಕೃತದ ಭಕಾರಕ್ಕೆ ಸ್ಲಾವದಲ್ಲಿ ಬಕಾರವು ಬರುವುದು ನಿಯಮ: ಭ್ರಾತೃವು ಅಲ್ಲಿ ಬ್ರಾತ್ ಆಗಿರುವನು. ಹ್ರಸ್ವ ಅಕಾರವಿರುವಲ್ಲಿ ಒಕಾರವು ಬರುವುದೂ ಸಾಮಾನ್ಯ. ದಾ ಧಾತುವಿನ ಭೂತಕೃದಂತವು ಸಂಸ್ಕೃತದಲ್ಲಿ ದತ್ತವೆಂದಾದರೆ ಅವರಲ್ಲಿ ನಕಾರ ಪ್ರತ್ಯಯದಿಂದ ದಾನ್ ಎಂದಾಯಿತು. ಭಿನ್ನ, ಛಿನ್ನ, ಪೂರ್ಣ ಎಂಬಲ್ಲಿ ನಮಗೆ ಕಾಣುವ ನಕಾರವೂ ಈ ಜಾತಿಯದೇ.

ಭಗನು ಋಗ್ವೇದದ ಆದಿತ್ಯರಲ್ಲಿ ಒಬ್ಬನು. ಹಂಚುವುದು ಎಂಬರ್ಥದ ಭಜ್ ಧಾತುವಿನಿಂದ ಹುಟ್ಟಿದ ಆ ಹೆಸರು, ಅವರವರ ಪಾಲನ್ನು ಅವರವರಿಗೆ ಕೊಡುವವನೆಂದು ಹೇಳುವುದು. ಭಾಗ, ಭಾಗ್ಯ, ಭಗವಂತ ಎಂಬ ಮಾತುಗಳು ಆ ಕುಲದವು. ಸ್ಲಾವದಲ್ಲಿಯೂ ಆ ಹಳೆಯ ಅರ್ಥವು ಸಾಯದೆ ಉಳಿದಿದೆ: ಬೊಗಾತ್ ಎಂದರೆ ಸಿರಿವಂತ, ಉಬೊಗ್ ಎಂದರೆ ದರಿದ್ರ. ಭಾಗ್ಯವಂತ, ನಿರ್ಭಾಗ್ಯ ಎಂಬ ನಮ್ಮ ನುಡಿಗಳ ಜೋಡಿಯೇ ಅದು.

ಆದರೆ ದೇವರೆಂಬ ಅರ್ಥವು ಆ ಶಬ್ದಕ್ಕೆ ಎಲ್ಲಿಂದ ಬಂದಿತು? ಸ್ಲಾವರ ನೆರೆಯವರಾದ ಲಿಥುವೇನಿಯದವರು ದೇವರನ್ನು ದೇವ ಶಬ್ದಕ್ಕೆ ಸಂಬಂಧಿಸಿದ ದಿಯೇವಾಸ್ ಎಂಬ ಮಾತಿನಿಂದಲೇ ಕರೆಯುವರು. ಸ್ಲಾವರು ಅದನ್ನು ಬಿಟ್ಟು ಬೊಗ್ ಎಂದರು. ಪ್ರಾಚೀನ ಪಾರಸಿಕದಲ್ಲಿಯೂ ದೇವರಿಗೆ ಬಗ ಎಂದೇ ಹೆಸರು. ಅವೆಸ್ತದಲ್ಲಿ ದೇವ ಶಬ್ದವು ದುಷ್ಟಶಕ್ತಿಗಳ ಪಾಲಾಗಿದೆ. ಕಪ್ಪುಸಮುದ್ರದ ಉತ್ತರದ ಬಯಲುಗಳಲ್ಲಿ ಇರಾನೀಯ ನುಡಿಯನ್ನಾಡುತ್ತಿದ್ದ ಶಕರೂ ಸರ್ಮಾತಿಯರೂ ಬಹುಕಾಲ ವಾಸಿಸಿದ್ದರಾದುದರಿಂದ ಸ್ಲಾವರು ಶಬ್ದವನ್ನೇ ಅವರಿಂದ ಪಡೆದರೆಂದು ಕೆಲವರೂ, ಶಬ್ದವು ಸ್ವಂತದ್ದು, ಅರ್ಥವು ಮಾತ್ರ ಎರವಲೆಂದು ಮತ್ತೆ ಕೆಲವರೂ ವಾದಿಸುವರು. ಹೇಗೆ ಇದ್ದರೂ ಇರಾನಿನ ಸೋಂಕನ್ನು ಅಲ್ಲಗಳೆಯುವುದು ಕಷ್ಟ. ಬಗದಾತನೆಂಬ ಹೆಸರು ಪಾರಸಿಕರಲ್ಲಿ ಇದ್ದಿತು. ಕ್ರಿ. ಶ. 762ರಲ್ಲಿ ಖಲೀಫ ಅಲ್ ಮನ್ಸೂರನು ರಾಜಧಾನಿಯನ್ನು ಕಟ್ಟಿಸಿದ ಬಾಗ್ದಾದಿನ ಸ್ಥಳನಾಮವು ಅವನಿಗಿಂತ ಹಳೆಯದು; ಅದಕ್ಕೂ ದೇವದತ್ತವೆಂಬ ಅರ್ಥವನ್ನೇ ವಿದ್ವಾಂಸರಲ್ಲಿ ಬಹುಮಂದಿ ಹೇಳುವರು.

988ರಲ್ಲಿ ಕೀವಿನ ದೊರೆ ವ್ಲಾದಿಮಿರನು ಕ್ರೈಸ್ತಮತವನ್ನು ಸ್ವೀಕರಿಸಿದ ಮೇಲೆ ಹೆಸರುಗಳಿಗೆ ಸಂಕಟಕಾಲ ಬಂದಿತು. ಸಂತರ ಪಟ್ಟಿಯಲ್ಲಿರುವ ಗ್ರೀಕ್, ಹೀಬ್ರೂ ಹೆಸರುಗಳನ್ನೇ ದೀಕ್ಷೆಯಲ್ಲಿ ಕೊಡತಕ್ಕದ್ದೆಂಬುದು ಪಾದ್ರಿಗಳ ಕಟ್ಟಳೆ. ಬೊಗ್ದಾನನು ಅರ್ಥದಲ್ಲಿ ಗ್ರೀಕರ ಥಿಯೋಡೋಟಸನಿಗೆ ಸಮನಾಗಿದ್ದರೂ ಪಟ್ಟಿಯೊಳಗೆ ಸೇರಲಿಲ್ಲ; ಗುಡಿಯಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು ಎಂದಾಯಿತು. ಜನರು ಮನೆಯ ಹೆಸರನ್ನು ಬಿಡಲಿಲ್ಲ. ತಂದೆ ಯಾರೆಂದು ತಿಳಿಯದ ಕೂಸುಗಳಿಗೆ ರಷ್ಯದಲ್ಲಿ ಈ ಹೆಸರನ್ನಿಡುವ ವಾಡಿಕೆಯಿದ್ದಿತು. ಬೊಗ್ದಾನೊವ್ ಎಂಬ ಮನೆತನದ ಹೆಸರುಗಳಲ್ಲಿ ಕೆಲವಕ್ಕೆ ಇದೇ ಮೂಲ. ಪಾಲಿಲ್ಲದೆ ಹುಟ್ಟಿದವನಿಗೆ ಭಗನ ಹೆಸರು! ಸರ್ಬಿಯದ ವೀರಗೀತೆಗಳಲ್ಲಿ 1389ರ ಕೊಸೊವೊ ಯುದ್ಧದಲ್ಲಿ ಒಂಬತ್ತು ಮಕ್ಕಳೊಡನೆ ಮಡಿಯುವ ಮುದುಕನು ಯೂಗ್ ಬೊಗ್ದಾನನು. ಹದಿನಾಲ್ಕನೆಯ ಶತಮಾನದಲ್ಲಿ ಮೊಲ್ದಾವಿಯವನ್ನು ಸ್ವತಂತ್ರಗೊಳಿಸಿದವನ ಹೆಸರೂ ಬೊಗ್ದಾನ್; ತುರುಕರು ಆ ದೇಶವನ್ನೇ ಬೊಗ್ದಾನ್ ಎಂದು ಕರೆದರು.

ಇವರೆಲ್ಲರಿಗಿಂತ ಪ್ರಸಿದ್ಧನಾದವನು ಬೊಹ್ದಾನ್ ಖ್ಮೆಲ್ನಿತ್ಸ್ಕಿ. ಅವನ ದೀಕ್ಷಾನಾಮವು ಜಿನೋವಿ; ಚರಿತ್ರೆಯು ಉಳಿಸಿಕೊಂಡುದು ಮನೆಯ ಹೆಸರನ್ನೇ. 1648ರಲ್ಲಿ ಕೊಸ್ಸಾಕರ ನಾಯಕನಾಗಿ ಪೋಲೆಂಡಿನ ಪ್ರಭುತ್ವದ ಮೇಲೆ ದಂಗೆಯೆದ್ದು, ಒಂದೇ ವರ್ಷದಲ್ಲಿ ಹಲವು ಯುದ್ಧಗಳನ್ನು ಗೆದ್ದು, ಆ ವರ್ಷವು ಮುಗಿಯುವ ಹೊತ್ತಿಗೆ ಅವನು ಕೀವ್ ಪಟ್ಟಣವನ್ನು ಪ್ರವೇಶಿಸಿದನು. ಎದುರ್ಗೊಂಡ ವಿದ್ಯಾಪೀಠದವರು ಅವನನ್ನು ಜನಾಂಗವನ್ನು ಬಿಡಿಸಿದ ಮೋಸೆಸನೆಂದು ಹೊಗಳಿ, ದೇವದತ್ತನಾದುದರಿಂದಲೇ ಬೊಹ್ದಾನನೆಂಬ ಹೆಸರು ಸಾರ್ಥಕವೆಂದು ಕೊಂಡಾಡಿದರು. ಆರು ವರ್ಷಗಳೊಳಗಾಗಿ, 1654ರಲ್ಲಿ, ಅವನು ಪೆರೆಯಾಸ್ಲಾವಿನಲ್ಲಿ ರಷ್ಯದ ಚಕ್ರವರ್ತಿಗೆ ಅಧೀನನಾಗಿ ಪ್ರಮಾಣಮಾಡಿದನು, 1657ರಲ್ಲಿ ತೀರಿಕೊಂಡನು. ಅದೇ ದಂಗೆಯಲ್ಲಿ ಸಾವಿರಾರು ಮಂದಿ ಯೆಹೂದ್ಯರು ಹೆಂಗಸರು ಮಕ್ಕಳೆನ್ನದೆ ಕೊಲೆಯಾದರು. ಬದುಕಿ ಪಲಾಯನಮಾಡಿದ ನಾಥನ್ ಹ್ಯಾನೋವರನೆಂಬ ಪಂಡಿತನು 1653ರಲ್ಲಿ ವೆನಿಸ್ ನಗರದಲ್ಲಿ ಆ ಘೋರಗಳ ವೃತ್ತಾಂತವನ್ನು ಹೀಬ್ರೂ ಭಾಷೆಯಲ್ಲಿ ಅಚ್ಚುಹಾಕಿಸಿದನು. ಯೆಹೂದ್ಯರು ಆ ನಾಯಕನನ್ನು ದೇವದತ್ತನೆಂದು ಕರೆಯಲಿಲ್ಲ. ಅವರ ಬರಹಗಳಲ್ಲಿ ಅವನು ಬರಿಯ ಖ್ಮೆಲ್. ಅದರ ಬೆನ್ನಿಗೆ, ಅವನ ಹೆಸರು ಅಳಿಸಿಹೋಗಲಿ ಎಂಬ ಶಾಪವಚನ.